‘ಎರಡೇ ನಿಮಿಷ ಸಾರ್’: ಸಂಭ್ರಮದ ಊಟ ಕೆಡುವುದು ಎಲ್ಲಿ?

ಚಿಕ್ಕಮಗಳೂರಿನಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ಹದಿನೆಂಟು ಜನರ ಊಟ ಇಟ್ಟುಕೊಂಡರೆ, ಅದು ಮದುವೆಯ ಬೆಳ್ಳಿಹಬ್ಬವೇ ಇರಲಿ, ಮೇಷ್ಟ್ರ ನಿವೃತ್ತಿಯೇ ಇರಲಿ, ಅರ್ಧ ಕೆಟ್ಟ ಹಾಗೇ ಲೆಕ್ಕ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸುತ್ತಿ ಕತ್ತಲಾದ ಮೇಲೆ ಇಳಿದ ಪ್ರವಾಸಿಗಳು ರೂಮಿಗೆ ಹೋಗಿ ಮುಖ ತೊಳೆದು ಊಟಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಎಂಟೂಕಾಲಿನಿಂದ ಒಂಬತ್ತೂವರೆವರೆಗೆ ಐಜಿ ರೋಡಿನ ಆಸುಪಾಸಿನ ಅಡುಗೆಮನೆಗಳಲ್ಲಿ ಯಾರಿಗೂ ತಲೆಯೆತ್ತಲು ಪುರಸೊತ್ತಿರುವುದಿಲ್ಲ. ದತ್ತ ಜಯಂತಿಯ ದಿನಗಳಲ್ಲಂತೂ ಕೇಳುವುದೇ ಬೇಡ. ಹಾಸನದಲ್ಲಿ ವಾರದ ಲೆಕ್ಕಕ್ಕಿಂತ ಪಂಚಾಂಗದ ಲೆಕ್ಕ ಮುಖ್ಯ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ ದೀಪಾವಳಿ ಮುಗಿಯುವವರೆಗೆ ಬಿಎಂ ರೋಡಿನ ಹೋಟೆಲುಗಳಲ್ಲಿ ಊರಿನವರಿಗೆ ಕುರ್ಚಿ ಸಿಗುವುದೇ ಕಷ್ಟ. ಆ ಹದಿನೈದು ದಿನ ಮನೆಯ ಸಮಾರಂಭವನ್ನು ಮುಂದೂಡುವುದೇ ಲೇಸು.

ಇಂಥ ಊಟ ಕೆಟ್ಟಾಗ ಎಲ್ಲರೂ ಹೇಳುವುದು ‘ಸರ್ವಿಸ್ ಸರಿಯಿಲ್ಲ’ ಎಂದು. ಬೈಗುಳ ತಿನ್ನುವವನು ಸಪ್ಲೈಯರ್. ಆದರೆ ರಾತ್ರಿ ಒಂಬತ್ತೂಕಾಲಿಗೆ ಕಣ್ಣಿಗೆ ಬೀಳುವ ಎಡವಟ್ಟು ನಡೆದಿರುವುದು ಎಂಟೂವರೆಯಿಂದ ಎಂಟೂ ನಲವತ್ತರ ಒಳಗೆ. ಕೂರಿಸುವುದು, ಆರ್ಡರ್ ಹಿಡಿಯುವುದು, ಚೀಟಿ ಒಳಗೆ ಹೋಗುವುದು, ಈ ಮೂರೂ ಮುಗಿಯುವ ಆ ಹತ್ತು ನಿಮಿಷದಲ್ಲೇ ಊಟದ ಹಣೆಬರಹ ಬರೆದಾಗಿರುತ್ತದೆ. ಆಮೇಲೆ ಎಷ್ಟು ಕೂಗಾಡಿದರೂ ಒಲೆಯ ಸಂಖ್ಯೆ ಹೆಚ್ಚುವುದಿಲ್ಲ.

ಮೊದಲು ಟೇಬಲ್ಲಿನ ವಿಚಾರ. ಎರಡೂವರೆ ಅಡಿಯ ಚೌಕ ಟೇಬಲ್ಲಿಗೆ ನಾಲ್ಕು ಜನ, ಹಾಗಾಗಿ ಐದು ಟೇಬಲ್ ಸೇರಿಸಿದರೆ ಇಪ್ಪತ್ತು ಜನ ಎಂದು ಬುಕಿಂಗ್ ಬರೆದುಕೊಳ್ಳುವವರು ಲೆಕ್ಕ ಹಾಕಿಬಿಡುತ್ತಾರೆ. ಸಾಲಾಗಿ ಸೇರಿಸಿದ ಕೂಡಲೇ ಒಳಗಿನ ಬದಿಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಳಿಯುವುದು ಪ್ರತಿ ಟೇಬಲ್ಲಿಗೆ ಇಬ್ಬರು, ತುದಿಗಳಲ್ಲಿ ಒಬ್ಬೊಬ್ಬರು. ಐದು ಟೇಬಲ್ಲಿಗೆ ಹನ್ನೆರಡೇ ಜನ. ಹದಿನೆಂಟು ಜನ ಕೂರಬೇಕಾದರೆ ಎಂಟು ಟೇಬಲ್ ಬೇಕು, ಅಂದರೆ ಇಪ್ಪತ್ತು ಅಡಿ ಉದ್ದದ ಸಾಲು. ಅಷ್ಟು ಜಾಗ ಇಲ್ಲದ್ದು ನೀವು ಹೋಗಿ ನಿಂತ ಮೇಲೆ ಗೊತ್ತಾಗುತ್ತದೆ. ಆಗ ಸಾಲನ್ನು ಗೋಡೆಗೆ ಒತ್ತುತ್ತಾರೆ. ಕುರ್ಚಿಯ ಹಿಂದೆ ಎರಡೂವರೆ ಅಡಿಯಾದರೂ ದಾರಿ ಇಲ್ಲದಿದ್ದರೆ ಬಡಿಸುವವನು ಆ ಬದಿಗೆ ಬರಲಾರ. ಬಿಸಿ ಸಾರಿನ ಬಟ್ಟಲು ಮಕ್ಕಳ ತಲೆಯ ಮೇಲಿಂದ ಕೈಬದಲಾಗಿ ಆಚೆ ಹೋಗುತ್ತದೆ, ನೀರು ಕೇಳಿದವರಿಗೆ ನೀರು ಮುಟ್ಟುವುದಿಲ್ಲ. ಅದರ ಬದಲು ನಾಲ್ಕು ನಾಲ್ಕು ಟೇಬಲ್ಲಿನ ಎರಡು ಸಾಲು ಅಕ್ಕಪಕ್ಕ ಹಾಕಿಸಿ, ನಡುವೆ ಓಡಾಡುವಷ್ಟು ಜಾಗ ಬಿಡಿಸಿದರೆ ಒಂದೊಂದರಲ್ಲಿ ಹತ್ತು ಜನ ಆರಾಮಾಗಿ ಕೂರುತ್ತಾರೆ. ಒಂದೇ ಸಾಲಿನಲ್ಲಿ ಕೂತು ತೆಗೆಸಿಕೊಂಡ ಫೋಟೊ ಚೆನ್ನಾಗಿ ಬರುತ್ತದೆ ನಿಜ; ಈ ತುದಿಯ ಅಜ್ಜಿ ಆಡಿದ ಮಾತು ಆ ತುದಿಗೆ ಕೇಳುವುದಿಲ್ಲ.

ಬುಕಿಂಗ್ ಮಾಡಿದ್ದೆವು, ಆದರೂ ಹೀಗಾಯಿತು ಎನ್ನುವವರು ಒಂದು ಒಳಗುಟ್ಟು ತಿಳಿದಿರಬೇಕು. ನಮ್ಮ ಕಡೆಯ ಹೋಟೆಲುಗಳಲ್ಲಿ ಬಡಿಸುವವರ ಕೆಲಸ ಎರಡು ಹೊತ್ತಿಗೆ ಒಡೆದುಕೊಂಡಿರುತ್ತದೆ: ಮಧ್ಯಾಹ್ನದ ಊಟ ಮುಗಿದು ಮೂರೂವರೆಗೆ ಬಿಡುವು, ಮತ್ತೆ ಆರೂವರೆ ಹೊತ್ತಿಗೆ ಶುರು. ನಿಮ್ಮ ಫೋನ್ ಎತ್ತಿದವರು ಬೆಳಿಗ್ಗೆ ಗಲ್ಲಾದಲ್ಲಿ ಕೂತವರು. ಅವರು ಡೈರಿಯಲ್ಲಿ ‘18 ಜನ, 8:30’ ಎಂದು ಬರೆದಿರುತ್ತಾರೆ, ಅಷ್ಟೆ. ಸಂಜೆ ಸಪ್ಲೈಯರುಗಳ ಉಸ್ತುವಾರಿ ನೋಡುವ ಕ್ಯಾಪ್ಟನ್ ಆ ಡೈರಿ ನೋಡುವುದು ನೀವು ಬಾಗಿಲಿಗೆ ಬಂದ ಮೇಲೆ, ಅಡುಗೆ ಭಟ್ಟರಿಗಂತೂ ಸುದ್ದಿಯೇ ಇರುವುದಿಲ್ಲ. ಆದ್ದರಿಂದ ಎರಡು ದಿನ ಮುಂಚಿನ ಫೋನ್ ಒಂದು, ಅದೇ ದಿನ ಸಂಜೆ ನಾಲ್ಕರಿಂದ ಐದರೊಳಗೆ ಇನ್ನೊಂದು. ಎರಡನೆಯದೇ ಮುಖ್ಯ. ರಾತ್ರಿಯ ತಯಾರಿಗೆ ಈರುಳ್ಳಿ ಹೆಚ್ಚುವುದು, ಗ್ರೇವಿ ಕುದಿಸುವುದು, ಕೋಳಿಗೆ ಮಸಾಲೆ ಹಚ್ಚುವುದು ಆ ಹೊತ್ತಿಗೇ. ಆಗ ‘ಅಡುಗೆಮನೆಗೆ ಹೇಳಿದ್ದೀರಾ?’ ಎಂದು ನೇರವಾಗಿ ಕೇಳಿ. ದೊಡ್ಡವರು ಎಷ್ಟು, ಮಕ್ಕಳು ಎಷ್ಟು, ಮೆಟ್ಟಿಲು ಹತ್ತಲಾಗದವರು ಇದ್ದಾರಾ ಎಂಬುದನ್ನು ಬಿಡಿಸಿ ಹೇಳಿ. ಮಾಂಸ ಮುಟ್ಟದವರ ಸಂಖ್ಯೆಯನ್ನೂ ಹೇಳಿ. ಶನಿವಾರವಾದರೆ ಆ ಸಂಖ್ಯೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ. ‘ಇವತ್ತು ಶನಿವಾರ, ನನಗೆ ಬೇಡಪ್ಪ’ ಎನ್ನುವ ದೊಡ್ಡಪ್ಪ, ಅತ್ತೆ ಪ್ರತಿ ಮನೆಯಲ್ಲೂ ಇದ್ದಾರೆ, ಮತ್ತು ಅದು ನೆನಪಾಗುವುದು ಮೆನು ಕೈಗೆ ಬಂದ ಮೇಲೆಯೇ.

ಇನ್ನು ಆರ್ಡರ್. ಹದಿನೆಂಟು ಜನರ ಕೈಗೆ ಹದಿನೆಂಟು ಮೆನು ಕೊಡುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಮಧ್ಯಮ ಗಾತ್ರದ ಹೋಟೆಲಿನ ಅಡುಗೆಮನೆಯಲ್ಲಿ ಎರಡು ಚೈನೀಸ್ ಒಲೆ, ಒಂದು ತಂದೂರ್, ಎರಡು ಕಾವಲಿ, ಗ್ರೇವಿಗೆ ಮೂರ್ನಾಲ್ಕು ಬರ್ನರ್, ಇಷ್ಟೇ ಇರುತ್ತದೆ. ಒಂದು ಬಾಣಲೆಯಲ್ಲಿ ಒಂದೇ ಬಗೆಯ ಗೋಬಿ ಮಂಚೂರಿ ನಾಲ್ಕು ಪ್ಲೇಟ್ ಒಟ್ಟಿಗೆ ಏಳೆಂಟು ನಿಮಿಷದಲ್ಲಿ ಇಳಿಯುತ್ತದೆ. ಅದೇ ನಾಲ್ಕು ಪ್ಲೇಟು ಗೋಬಿ, ಪನ್ನೀರ್ ಚಿಲ್ಲಿ, ಮಶ್ರೂಮ್ ಪೆಪ್ಪರ್, ಬೇಬಿ ಕಾರ್ನ್ ಎಂದು ಒಡೆದರೆ ಬಾಣಲೆ ನಾಲ್ಕು ಸಲ ತೊಳೆದು ನಾಲ್ಕು ಸಲ ಒಗ್ಗರಣೆ ಹಾಕಬೇಕು. ಸಮಯ ಸುಮಾರು ನಾಲ್ಕು ಪಟ್ಟು. ನಿಮ್ಮ ಮುಂದೆ ಬೇರೆ ಟೇಬಲ್ಲಿನ ಚೀಟಿಗಳೂ ತೂಗುತ್ತಿರುತ್ತವೆ, ಅದನ್ನು ಸೇರಿಸಿಲ್ಲ.

ಅಕ್ಕಿ ರೊಟ್ಟಿಯ ಲೆಕ್ಕ ಇನ್ನೂ ನೋಡುವಂಥದ್ದು. ಹಾಸನದ ಕಡೆ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು ಕಲಸಿ ಕೈಯಲ್ಲಿ ತಟ್ಟುವ ರೊಟ್ಟಿ ಕಾವಲಿಯ ಮೇಲೆ ಮುಚ್ಚಿ ಬೇಯಬೇಕು. ತಟ್ಟುವುದೂ ಸೇರಿ ಒಂದಕ್ಕೆ ಐದು ನಿಮಿಷ ಹಿಡಿಯುತ್ತದೆ. ಅವಸರಕ್ಕೆ ಉರಿ ಜೋರು ಮಾಡಿದರೆ ಅಂಚು ಕರಿಕು, ನಡು ಹಸಿ. ಹದಿನೆಂಟು ಜನಕ್ಕೆ ಎರಡೆರಡು ಎಂದರೆ 36 ರೊಟ್ಟಿ, ಎರಡು ಕಾವಲಿ. ಬೇರೆ ಯಾರಿಗೂ ಏನೂ ಮಾಡದೆ ನಿಮಗೊಬ್ಬರಿಗೇ ತಟ್ಟುತ್ತ ಕೂತರೂ 90 ನಿಮಿಷ. ಮಲೆನಾಡಿನಲ್ಲಿ ಹಿಟ್ಟು ಬೇಯಿಸಿ ನಾದಿ ಲಟ್ಟಿಸಿ ಸುಡುವ ತೆಳು ರೊಟ್ಟಿ ಬೇಗ ಆಗುತ್ತದೆ, ಎರಡು ನಿಮಿಷಕ್ಕೊಂದು. ಆದರೆ ಅದು ಆರಿದರೆ ಚರ್ಮ. ಎಲ್ಲರಿಗೂ ಒಟ್ಟಿಗೆ ಕೊಡಬೇಕೆಂದು ಎತ್ತಿಟ್ಟ ರೊಟ್ಟಿಯೇ ‘ತಣ್ಣಗೆ ಕೊಟ್ಟರು’ ಎಂಬ ದೂರಿಗೆ ಕಾರಣ. ಮೊದಲ ರೊಟ್ಟಿ ತಿಂದವರು ಕೈ ತೊಳೆಯುವ ಹೊತ್ತಿಗೆ ಕೊನೆಯವರ ತಟ್ಟೆಗೆ ರೊಟ್ಟಿ ಬಿದ್ದರೆ ಅದು ಸಪ್ಲೈಯರನ ಸೋಮಾರಿತನ ಅಲ್ಲ, ಕಾವಲಿಯ ಗಣಿತ.

ಹೀಗಾಗಿ ದೊಡ್ಡ ಪಂಕ್ತಿಗೆ ಹಬೆಯಲ್ಲಿ ಬೇಯುವುದನ್ನು, ಹಂಡೆಯಲ್ಲಿ ಕುದಿಯುವುದನ್ನು ಮುಂದೆ ಮಾಡಬೇಕು. ತರಿ ಕಡುಬು ಒಂದೇ ಸೆಕೆಗೆ ನಲವತ್ತು ಬೇಯುತ್ತದೆ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು. ಮುದ್ದೆ ಒಂದೇ ಪಾತ್ರೆ. ಕಡುಬು, ಕೋಳಿ ಸಾರು, ಮಾಂಸ ತಿನ್ನದವರಿಗೆ ಅಣಬೆ ಸಾರು ಅಥವಾ ಕಾಳು ಸಾರು ಮುಖ್ಯ ಊಟಕ್ಕೆ. ರೊಟ್ಟಿ ಇಬ್ಬರಿಗೊಂದರಂತೆ ರುಚಿಗೆ. ನಾಟಿ ಕೋಳಿಯಾದರೆ ಬೇಯುವುದಕ್ಕೇ ಮುಕ್ಕಾಲು ಗಂಟೆಯಿಂದ ಗಂಟೆಯ ಮೇಲೆ ಹಿಡಿಯುತ್ತದೆ, ಹಾಗಾಗಿ ಸಂಜೆ ನಾಲ್ಕರ ಫೋನಿನಲ್ಲೇ ಹೇಳಿರಬೇಕು. ಮೊದಲೇ ಹೇಳದಿದ್ದರೂ ಇಪ್ಪತ್ತು ನಿಮಿಷದಲ್ಲಿ ನಾಟಿ ಕೋಳಿ ಸಾರು ಬಂತೆಂದರೆ ಅದು ಮಧ್ಯಾಹ್ನವೇ ಬೆಂದದ್ದು, ಇಲ್ಲವೇ ನಾಟಿಯೇ ಅಲ್ಲ.

ಪ್ರಮಾಣಕ್ಕೆ ಒಂದು ಅಂದಾಜು: ಹದಿನಾಲ್ಕು ದೊಡ್ಡವರು, ನಾಲ್ಕು ಮಕ್ಕಳಾದರೆ ಸ್ಟಾರ್ಟರ್ ನಾಲ್ಕೇ ಬಗೆ, ಬಗೆಗೆ ಮೂರು ಪ್ಲೇಟ್. ಗ್ರೇವಿ ಮೂವರಿಗೆ ಒಂದು. ಅನ್ನದ ಐಟಂ ಮೂವರಿಗೆ ಒಂದು, ಕೊನೆಗೆ ಮೊಸರನ್ನ ನಾಲ್ಕು ಪ್ಲೇಟ್ ಹಂಚಿಕೊಂಡು. ಮಕ್ಕಳಿಗೆ ಖಾರವಿಲ್ಲದ ಒಂದೇ ಐಟಂ ಎಲ್ಲರಿಗೂ, ಅದನ್ನು ಎಲ್ಲಕ್ಕಿಂತ ಮೊದಲು ಕೊಡಲು ಹೇಳಿ. ಮಗು ಹಸಿದು ಅಳಲು ಶುರುಮಾಡಿದರೆ ಅಪ್ಪ ಅಮ್ಮನ ಊಟವೂ ಮುಗಿದ ಹಾಗೆ.

ಆರ್ಡರ್ ಹೇಳುವವರು ಒಬ್ಬರೇ ಇರಲಿ, ಊಟ ಕೊಡಿಸುವವರು ಆಗದಿದ್ದರೆ ಇನ್ನೂ ಒಳ್ಳೆಯದು. ಚೀಟಿ ಒಳಗೆ ಹೋಗುವ ಕ್ರಮ ಅವರಿಗೆ ತಿಳಿದಿರಬೇಕು. ಸಪ್ಲೈಯರ್ ಮೊಬೈಲಿನಲ್ಲೋ ಪ್ಯಾಡಿನಲ್ಲೋ ಒತ್ತಿದ್ದು ಕೆಒಟಿ, ಅಂದರೆ ಅಡುಗೆಮನೆಯ ಆರ್ಡರ್ ಚೀಟಿ ಆಗಿ ಒಳಗೆ ಪ್ರಿಂಟ್ ಆಗುತ್ತದೆ: ತಂದೂರಿಗೆ ಒಂದು ಚೀಟಿ, ಚೈನೀಸಿಗೆ ಒಂದು, ಗ್ರೇವಿಗೆ ಒಂದು. ಒಬ್ಬರ ಚೀಟಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಸೂಪಿನಿಂದ ಮೊಸರನ್ನದವರೆಗೆ ಒಂದೇ ಉಸಿರಿನಲ್ಲಿ ಹೇಳಿದರೆ ಪ್ರತಿ ಒಲೆಯವನೂ ತನಗೆ ಬಂದದ್ದನ್ನು ತಕ್ಷಣ ಶುರುಮಾಡುತ್ತಾನೆ. ಗ್ರೇವಿ ಹತ್ತು ನಿಮಿಷಕ್ಕೆ ರೆಡಿ, ತಂದೂರಿ ಇಪ್ಪತ್ತೈದು ನಿಮಿಷ. ಸ್ಟಾರ್ಟರಿಗೆ ಮೊದಲೇ ದಾಲ್ ಬಂದು ಕೂರುವುದು ಹೀಗೆ. ‘ಮೇನ್ ಕೋರ್ಸ್ ಹೋಲ್ಡ್ ಇರಲಿ, ನಾನು ಹೇಳಿದ ಮೇಲೆ ಕೆಒಟಿ ಹೊಡಿ’ ಎಂದು ಹೇಳಿ. ಈ ಮಾತು ಕೇಳಿದ ಕೂಡಲೇ ಕ್ಯಾಪ್ಟನ್ನಿಗೆ ಇವರಿಗೆ ಗೊತ್ತಿದೆ ಅನಿಸುತ್ತದೆ, ಅದೂ ಒಂದು ಲಾಭ. ಮೇನ್ ಕೋರ್ಸಿನ ಚೀಟಿ ಹೋಗಬೇಕಾದದ್ದು ಸ್ಟಾರ್ಟರ್ ಅರ್ಧ ಖಾಲಿಯಾದಾಗ. ಪೂರ್ತಿ ಖಾಲಿಯಾದ ಮೇಲೆ ಹೇಳಿದರೆ ಮತ್ತೆ ಇಪ್ಪತ್ತು ನಿಮಿಷ ಖಾಲಿ ತಟ್ಟೆ ನೋಡಿಕೊಂಡು ಕೂರಬೇಕು.

ಇನ್ನೊಂದು ಕಿರಿಕಿರಿ, ಪ್ಲೇಟ್ ಹಿಡಿದು ಬಂದವನು ‘ಜೀರಾ ರೈಸ್ ಯಾರಿಗೆ? ಜೀರಾ ರೈಸ್?’ ಎಂದು ಹರಾಜು ಕೂಗುವುದು. ಚೀಟಿಯಲ್ಲಿ ಟೇಬಲ್ ನಂಬರ್ ಮಾತ್ರ ಇರುತ್ತದೆ, ಕುರ್ಚಿಯ ನಂಬರ್ ಇರುವುದಿಲ್ಲ. ಬಾಗಿಲ ಹತ್ತಿರದ ಕುರ್ಚಿ ಒಂದು, ಅಲ್ಲಿಂದ ಪ್ರದಕ್ಷಿಣೆಯಾಗಿ ಎರಡು, ಮೂರು ಎಂದು ಬರೆದುಕೊಳ್ಳುವುದನ್ನು ಕಲಿಸಿದ ಹೋಟೆಲಿನಲ್ಲಿ ಈ ಕೂಗಾಟ ಇಲ್ಲ. ಕಲಿಸಲು ಒಂದು ಮಧ್ಯಾಹ್ನ ಸಾಕು. ಬಹಳಷ್ಟು ಮಾಲೀಕರು ಆ ಒಂದು ಮಧ್ಯಾಹ್ನ ಕೊಡುವುದಿಲ್ಲ.

ಕೇಕ್ ಇದ್ದರೆ ಅದನ್ನು ಯಾವಾಗ ಕತ್ತರಿಸುತ್ತೀರಿ ಎಂಬುದನ್ನು ಆರ್ಡರಿಗೆ ಮುಂಚೆಯೇ ತೀರ್ಮಾನಿಸಿ. ಕೇಕ್, ಹಾಡು, ಫೋಟೊ ಎಲ್ಲ ಸೇರಿ ಹದಿನೈದು ನಿಮಿಷಕ್ಕೆ ಕಮ್ಮಿಯಿಲ್ಲ. ಆ ಹೊತ್ತಿಗೇ ಕರಿದ ಐಟಂ ಒಳಗೆ ರೆಡಿಯಾಗಿ ಕೂತರೆ ಐದು ನಿಮಿಷದಲ್ಲಿ ಗರಿಗರಿ ಹೋಗಿ ಮೆತ್ತಗಾಗುತ್ತದೆ. ಬಂದು ಕೂತ ತಕ್ಷಣ ಕೇಕ್ ಮುಗಿಸಿ ಆಮೇಲೆ ಸ್ಟಾರ್ಟರ್ ಹೇಳುವುದು ಸುಲಭದ ದಾರಿ. ಕ್ರೀಮ್ ಕೇಕಿಗೆ ಫ್ರಿಜ್ಜಿನಲ್ಲಿ ಜಾಗ ಇದೆಯಾ ಎಂದು ಕೇಳಿ. ಚಾಕು, ಬೆಂಕಿಪೊಟ್ಟಣ ನೀವೇ ತಂದುಬಿಡಿ, ಅವು ಬೇಕಾದಾಗ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ತಡವಾಗಬಹುದು. ತಡವನ್ನು ಜನ ಕ್ಷಮಿಸುತ್ತಾರೆ, ಆದರೆ ‘ಎರಡೇ ನಿಮಿಷ ಸಾರ್, ಬರ್ತಾ ಇದೆ’ ಎಂಬ ಮಾತು ಮೂರನೇ ಸಲ ಕೇಳಿದಾಗ ಎಂಥವರಿಗೂ ಪಿತ್ತ ನೆತ್ತಿಗೇರುತ್ತದೆ. ಆ ಹುಡುಗ ಯಾಕೆ ಹಾಗೆ ಹೇಳುತ್ತಾನೆ? ಎಷ್ಟು ಹೊತ್ತಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಧೈರ್ಯವೂ ಇಲ್ಲ. ಒಳಗೆ ಹೋಗಿ ಕೇಳಿದರೆ ಒಲೆಯ ಮುಂದೆ ಬೆವರುತ್ತಿರುವ ಅಡುಗೆಯವನು ‘ಕಾಣಲ್ವಾ ನಿಂಗೆ?’ ಎಂದು ಗದರುತ್ತಾನೆ. ಅಡುಗೆಮನೆಯಲ್ಲಿ ಸಪ್ಲೈಯರಿಗಿಂತ ಅಡುಗೆಯವನ ಮಾತು ನಡೆಯುವುದು, ಅವನು ಕೆಲಸ ಬಿಟ್ಟರೆ ಹೋಟೆಲೇ ಮುಚ್ಚಬೇಕು. ಹಾಗಾಗಿ ಹುಡುಗ ಬಾಗಿಲವರೆಗೆ ಹೋಗಿ ಹಾಗೇ ತಿರುಗಿ ಬಂದು ಎರಡು ನಿಮಿಷ ಎನ್ನುತ್ತಾನೆ. ಅವನು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದವನಾದರೆ ಇನ್ನೂ ಕಷ್ಟ. ‘ಖಾರ ಬೇಡ ಕಣಪ್ಪ, ಸಪ್ಪಗಿರಲಿ, ನಂಗೆ ಶುಗರಿದೆ’ ಎಂದು ಅಜ್ಜಿ ಹೇಳಿದ್ದಕ್ಕೆ ಅವನು ತಲೆಯಾಡಿಸುತ್ತಾನೆ. ಅರ್ಥವಾದದ್ದು ಶುಗರ್ ಒಂದೇ, ಅದೂ ಉಲ್ಟಾ. ಇದರಲ್ಲಿ ಅವನ ತಪ್ಪೇನೂ ಇಲ್ಲ. ದೊಡ್ಡ ಟೇಬಲ್ಲಿನ ಆರ್ಡರ್ ಹಿಡಿಯಲು ಕನ್ನಡ ಬರುವ ಕ್ಯಾಪ್ಟನ್ನೇ ಬರಬೇಕಿತ್ತು.

ಹೋಟೆಲು ನಡೆಸುವವರಿಗೂ ಈ ಲೆಕ್ಕ ಗೊತ್ತಿಲ್ಲದ್ದೇನಲ್ಲ. ಒಬ್ಬ ಸಪ್ಲೈಯರ್ ನಾಲ್ಕೈದು ಟೇಬಲ್ ನೋಡಿಕೊಳ್ಳಬಲ್ಲ ಎಂಬುದು ಬಿಡಿ ಟೇಬಲ್ಲುಗಳ ಮಾತು. ಅವು ಒಂದೊಂದಾಗಿ ತುಂಬುತ್ತವೆ, ಒಂದೊಂದಾಗಿ ಕೇಳುತ್ತವೆ. ಹದಿನೆಂಟು ಜನರ ಟೇಬಲ್ ಎಲ್ಲವನ್ನೂ ಒಂದೇ ಗಳಿಗೆಗೆ ಕೇಳುತ್ತದೆ, ಅದಕ್ಕೆ ಬಡಿಸಲು ಒಬ್ಬ, ಎತ್ತಲು ಒಬ್ಬ ಬೇರೆಯಾಗಿಯೇ ಬೇಕು. ಅದೇ ಹೊತ್ತಿಗೆ ಪಾರ್ಸೆಲ್ ಆ್ಯಪಿನ ಆರ್ಡರುಗಳೂ ಅದೇ ಒಲೆಗೆ ಬರುತ್ತವೆ. ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು ಫೋನ್ ತೋರಿಸುತ್ತಾನೆ, ತಡವಾದರೆ ಆ್ಯಪಿನಲ್ಲಿ ರೇಟಿಂಗ್ ಬೀಳುತ್ತದೆ, ಹಾಗಾಗಿ ಅವನ ಚೀಟಿ ಮುಂದೆ ಹೋಗುತ್ತದೆ. ದೊಡ್ಡ ಪಾರ್ಟಿ ಒಪ್ಪಿಕೊಂಡ ಮೇಲೆ ಅರ್ಧ ಗಂಟೆ ಆ್ಯಪನ್ನು ಆಫ್ ಮಾಡಬಹುದು. ಮಾಡುವವರು ಕಮ್ಮಿ. ಐಟಂ ಮುಗಿದಿದ್ದರೆ ಐದು ನಿಮಿಷದೊಳಗೆ ಬಂದು ಹೇಳಬೇಕು, ನಲವತ್ತು ನಿಮಿಷ ಕಾಯಿಸಿ ‘ಅದು ಇಲ್ಲ ಸಾರ್’ ಎನ್ನುವುದಕ್ಕೆ ಕ್ಷಮೆಯಿಲ್ಲ. ತಡವಾಗುವುದಾದರೆ ಕ್ಯಾಪ್ಟನ್ ತಾನಾಗಿ ಬಂದು ‘ಇನ್ನೂ ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಹಪ್ಪಳ ಕಳಿಸಲಾ?’ ಎಂದರೆ ಮುಗಿಯಿತು. ಖರ್ಚು ನೂರು ರೂಪಾಯಿ ದಾಟುವುದಿಲ್ಲ.

ಟೇಬಲ್ಲಿನಲ್ಲಿ ಕೂತವರು ಏನು ಮಾಡಬೇಕು? ಕೂತು ನೀರು ಬರಲು ಐದು ನಿಮಿಷ, ಆರ್ಡರ್ ಕೊಟ್ಟ ಮೇಲೆ ಮೊದಲ ಪ್ಲೇಟ್ ಬರಲು ಇಪ್ಪತ್ತು ನಿಮಿಷ, ಇದನ್ನು ಮೀರಿದರೆ ಎದ್ದು ಹೋಗಿ ಕ್ಯಾಪ್ಟನ್ ಹತ್ತಿರ ಮಾತಾಡಿ. ಟೇಬಲ್ಲಿನಿಂದ ಕೂಗಬೇಡಿ. ಯಾರ ಸಂಭ್ರಮಕ್ಕೆ ಸೇರಿದ್ದೀರೋ ಅವರ ಮುಖ ಮೊದಲು ಬಾಡುತ್ತದೆ. ‘ಎಂಟೂ ನಲವತ್ತಕ್ಕೆ ಹೇಳಿದ್ದು, ಒಂಬತ್ತೂ ಹತ್ತಾಯಿತು, ಯಾವುದು ಒಲೆಯ ಮೇಲಿದೆ, ಯಾವುದು ಇನ್ನೂ ಶುರುವಾಗಿಲ್ಲ?’ ಎಂದು ಕೇಳಿ. ಶುರುವಾಗದ್ದನ್ನು ಅಲ್ಲೇ ಕ್ಯಾನ್ಸಲ್ ಮಾಡಿಸಿ, ಅದರ ಬದಲು ಒಂದೇ ಐಟಂ ನಾಲ್ಕು ಪ್ಲೇಟ್ ಹೇಳಿ. ತಣ್ಣಗಿದ್ದದ್ದನ್ನು, ಹಸಿ ಇದ್ದದ್ದನ್ನು ಎರಡು ತುತ್ತಿಗೇ ವಾಪಸ್ ಕಳಿಸಿ. ಮುಕ್ಕಾಲು ತಿಂದು ಚೆನ್ನಾಗಿಲ್ಲ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಬಿಲ್ ಬಂದಾಗ ಮೊದಲು ಕ್ಯಾನ್ಸಲ್ ಮಾಡಿಸಿದ ಐಟಂ ನಿಜಕ್ಕೂ ಹೋಗಿದೆಯಾ ನೋಡಿ. ಮ್ಯಾನೇಜರ್ ಅನುಮತಿಯಿಲ್ಲದೆ ಕೆಒಟಿ ರದ್ದಾಗದಿರುವ ಕಡೆ ಅದು ಬಿಲ್ಲಿನಲ್ಲಿ ಹಾಗೇ ಉಳಿದಿರುತ್ತದೆ. ಸಾಮಾನ್ಯ ರೆಸ್ಟೋರೆಂಟಿನ ಜಿಎಸ್‌ಟಿ 5%, ಕೇಂದ್ರ ರಾಜ್ಯ ಎರಡಕ್ಕೂ 2.5ರಂತೆ. ಮದ್ಯಕ್ಕೆ ಜಿಎಸ್‌ಟಿ ಇಲ್ಲ. ವಹಿವಾಟಿನ ಮೇಲೆ ನಿಗದಿತ ದರದ ತೆರಿಗೆಯನ್ನು ತಾನೇ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಸರ್ವಿಸ್ ಚಾರ್ಜ್ ಎಂದು 5 ಅಥವಾ 10% ತಾವಾಗಿಯೇ ಸೇರಿಸಿದ್ದರೆ ತೆಗೆಸಿ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಂತೆ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವ ಹಾಗಿಲ್ಲ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸರ್ವಿಸ್ಸೇ ಸಿಗದ ರಾತ್ರಿ ಆ ಸಾಲನ್ನು ಬಿಲ್ಲಿನಲ್ಲಿ ಓದುವಾಗ ನಗು ಬಂದರೂ ಬರಬಹುದು. ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಊಟ ತಡವಾಯಿತೆಂದು ಜಿಲ್ಲಾ ಗ್ರಾಹಕ ಆಯೋಗದವರೆಗೆ ಹೋಗುವುದು ನನ್ನ ಮಟ್ಟಿಗೆ ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ; ಹಾಳಾದ ಆಹಾರ ತಿಂದು ಆಸ್ಪತ್ರೆ ಸೇರಿದಂಥ ಸಂದರ್ಭವಾದರೆ ಆ ಮಾತು ಬೇರೆ. ಆಗ ಬಿಲ್ ಜೋಪಾನ ಮಾಡಿ, ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು.

ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ಟಿಪ್ಸ್ ಕೊಡುವುದಾದರೆ ನಗದಾಗಿ ಅವನ ಕೈಗೇ ಕೊಡಿ. ಗಲ್ಲಾದಲ್ಲಿ ಸ್ಕ್ಯಾನ್ ಮಾಡಿ ಸೇರಿಸಿದ್ದು ಅವನಿಗೆ ಮುಟ್ಟುತ್ತದೆಂಬ ಭರವಸೆಯಿಲ್ಲ.

ದೂರು ಹೇಳಲು ರಾತ್ರಿ ಹನ್ನೊಂದು ಗಂಟೆ ಸರಿಯಾದ ಹೊತ್ತಲ್ಲ. ಎಲ್ಲರೂ ಸುಸ್ತಾಗಿರುತ್ತಾರೆ, ಮಾಲೀಕರು ಇರುವುದೂ ಇಲ್ಲ. ಮಾರನೇ ದಿನ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರೊಳಗೆ, ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವ ಮುಂಚೆ ಫೋನ್ ಮಾಡಿ ಬಿಲ್ ನಂಬರ್ ಹೇಳಿ. ಯಾವ ಕೆಒಟಿ ಎಷ್ಟು ಹೊತ್ತಿಗೆ ಹೋಯಿತು, ಯಾವುದು ರದ್ದಾಯಿತು, ಬಿಲ್ ಎಷ್ಟು ಹೊತ್ತಿಗೆ ಆಯಿತು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಇರುತ್ತದೆ. ಮಾಲೀಕರು ಅದನ್ನು ತೆರೆದು ನೋಡಿದರೆ ಹುಡುಗನನ್ನು ಬೈಯಬೇಕೋ, ಇನ್ನೊಂದು ಕಾವಲಿ ತರಿಸಬೇಕೋ ಅವರಿಗೇ ಗೊತ್ತಾಗುತ್ತದೆ.